ಆಫ್ರಿಕಾಕ್ಕೆ ಹೊರಟ ಗಣೇಶನ ಚಂದಾ

ಬೆಳಿಗ್ಗೆ ಖಾಲಿ ಹಾಲಿನಪುಡಿ ಡಬ್ಬಿಗೆ ಚಿಲ್ಲರೆ ಹಾಕಿದೆ. ಠಣ್ ಎಂದದ್ದೇ ತಡ, ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಯಿತು. ಕಾರಣ ಹೇಳುತ್ತೇನೆ, ನಗಬೇಡಿ.

ತೊಂಬತ್ತರ ದಶಕ. ನಾನೂ ಗೆಳತಿ ಶೀಲಾಳೂ ಜಯನಗರದ ಚರ್ಚೊಂದರ ಸಂಡೇ ಸ್ಕೂಲಿನ ಮಕ್ಕಳು. ಆಫ್ರಿಕಾದ ಮಿಷನರಿ ಆಸ್ಪತ್ರೆಗೆ ಹಣ ಕೂಡಿಸಿ ಎಂದು ಸುಗುಣಾ ಟೀಚರ್ ಇಬ್ಬಿಬ್ಬರಿಗೆ ಒಂದೊಂದು ಖಾಲಿ ಹಾಲಿನಪುಡಿ ಡಬ್ಬಿ ಕೊಟ್ಟರು. ಅದರ ಮೇಲೆ ಅಲ್ಲಿಯ ಪುಟ್ಟ ಹುಡುಗಿಯೊಬ್ಬಳ ಚಿತ್ರ. ಹೆಚ್ಚು ತಂದವರಿಗೆ ಬಹುಮಾನ. ಮಿಷನರಿ ಎಂದರೇನೆಂದು ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಬಹುಮಾನ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

ನಾವು ಹೊರಟದ್ದು ಗಣೇಶನ ಹಬ್ಬದ ಹಿಂದಿನ ವಾರ. ಹೊಸಕೆರೆಹಳ್ಳಿಯ ನಮ್ಮ ಬೀದಿಯಲ್ಲಿ ಮೊದಲ ಮನೆ ಪುಟ್ಟಮ್ಮಜ್ಜಿಯದು. ಗದ್ದೆಯಿದ್ದ ಕಡೆ ಬಾಡಿಗೆ ಮನೆ ಕಟ್ಟಿಸಿ, ಎರಡು ಹಸುಗಳನ್ನು ಮಾತ್ರ ಉಳಿಸಿಕೊಂಡಿದ್ದವರು. ಡಬ್ಬಿ ನೋಡಿ, "ಗಣೇಶಂಗಾ?" ಎಂದರು.

ನಾನು ಬಾಯಿ ಬಿಡಲಿಲ್ಲ. ತಲೆ ಮಾತ್ರ ಹೂಂ ಎಂದು ತಾನಾಗಿ ಆಡಿತು. ಹತ್ತರ ನೋಟು ಬಿತ್ತು. ಆಮೇಲೆ ಇಡೀ ಬೀದಿಯಲ್ಲಿ ನನ್ನ ತಲೆ ನಿಲ್ಲಲೇ ಇಲ್ಲ.

ಹಬ್ಬ ಕಳೆದ ಭಾನುವಾರ ಬಹುಮಾನ ನಮಗೇ ಬಂತು. ಟೀಚರ್ ಪೆನ್ಸಿಲ್ ಬಾಕ್ಸ್ ಕೈಗಿಡುತ್ತಿದ್ದಾರೆ, ಬಾಗಿಲಲ್ಲಿ ಪುಟ್ಟಮ್ಮಜ್ಜಿ! ನಮ್ಮನ್ನು ವಿಚಾರಿಸಿಕೊಂಡು ಬಂದಿದ್ದರು.

"ಹಬ್ಬ ಆಗಿ ಮೂರು ದಿನ ಆಯ್ತು. ನಂಗೆ ಪ್ರಸಾದ ಎಲ್ರಮ್ಮಾ?"

ಶೀಲಾ ಅತ್ತೇಬಿಟ್ಟಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಟೀಚರ್ ಗಡಿಬಿಡಿಯಿಂದ ಡಬ್ಬಿಯ ಮುಚ್ಚಳ ತೆಗೆದರು. "ತಪ್ಪಾಯ್ತಮ್ಮಾ, ನಿಮ್ ದುಡ್ಡು ಈಗ್ಲೇ ವಾಪಸ್ ಕೊಡ್ತೀನಿ."

ಅಜ್ಜಿ ಡಬ್ಬಿ ಎತ್ತಿ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು. "ಈ ಮಗೂಗೆ ಹುಷಾರಿಲ್ವಾ?"

"ಹೂಂ ಅಮ್ಮಾ."

"ಹಂಗಾದ್ರೆ ಇರ್ಲಿ ಬಿಡಿ. ಗಣೇಶಂಗೇನು, ಊರೆಲ್ಲಾ ಕಡುಬು ಮಾಡಿ ಹಾಕ್ತದೆ. ಮಗೀನ ಹೆಸ್ರೇನು?"

ಟೀಚರ್ ನನ್ನನ್ನು ನೋಡಿದರು, ನಾನು ಶೀಲಾಳನ್ನು. ಯಾರಿಗೂ ಗೊತ್ತಿರಲಿಲ್ಲ.

"ಹೆಸ್ರೂ ಕೇಳ್ದೆ ದುಡ್ಡೆತ್ತಿದ್ರಾ?" ಅಜ್ಜಿ ನಕ್ಕರು. ಟೀಚರ್ ಕೊಟ್ಟ ಕೇಕಿನ ತುಂಡನ್ನು ಕಣ್ಣಿಗೊತ್ತಿಕೊಂಡು ತಿಂದು ಹೊರಟರು. ನಮ್ಮ ಬಹುಮಾನ ಹೋಯಿತು. ಜೊತೆಗೆ ಮನೆಮನೆಗೂ ಹೋಗಿ ನಿಜ ಹೇಳಿ ಬರುವ ಶಿಕ್ಷೆ.

ಇಷ್ಟು ವರ್ಷ ಇದನ್ನು ಬರೀ ತಮಾಷೆಯೆಂದು ಹೇಳುತ್ತ ಬಂದವಳು ನಾನು. ಇವತ್ತು ಯಾಕೋ ಶೀಲಾಳಿಗೆ ಫೋನ್ ಮಾಡಿದೆ. "ಆ ಹುಡುಗಿ ಹೆಸ್ರು ಆಮೇಲಾದ್ರೂ ಕೇಳಿದ್ವೇನೇ?"

"ಇಲ್ಲ ಕಣೇ. ಆದ್ರೆ ಅಜ್ಜಿ ನಮ್ಮಮ್ಮನ್ನ ಕಂಡಾಗೆಲ್ಲಾ ಕೇಳೋರಂತೆ, ಆ ಮಗೂಗೆ ವಾಸಿ ಆಯ್ತಾ ಅಂತ."

ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಯಿತು. ಅವರ ಪ್ರಶ್ನೆಯನ್ನು ಈಗ ಯಾರಲ್ಲಿ ಕೇಳಲಿ ಎಂದು ತಿಳಿಯದೆ ಫೋನ್ ಹಿಡಿದೇ ನಿಂತಿದ್ದೇನೆ.