ಸೆರಗು ಕಾಣದ ಜಾಲತಾಣ

ಈ ಬರಹದಲ್ಲಿ ನುಡಿದೋಷಗಳಾಗಲಿ, ಹೇಳುವ ಕ್ರಮದಲ್ಲಿ ಹಿಂದುಮುಂದಾಗಲಿ ಕಂಡುಬಂದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ನನ್ನ ವಾಕ್ಯಗಳನ್ನು ತಿದ್ದುವವರು ಅಲ್ಲಿ ಯಾರೂ ಇಲ್ಲ.

ಗಜೇಂದ್ರಗಡದಲ್ಲಿ ನಮ್ಮದು ಕೈಮಗ್ಗದ ಸೀರೆ ನೇಯುವ ಮನೆತನ. ಅಪ್ಪ ಮೊದಲಿನಿಂದಲೂ ವ್ಯಾಪಾರಿ ಹೇಳಿದ ಬಣ್ಣ, ಹೇಳಿದ ಸೆರಗನ್ನೇ ನೇಯುತ್ತಿದ್ದರು. ಹೋದ ವರ್ಷ ಮಾತ್ರ ತಮ್ಮದೇ ಕಲ್ಪನೆಯ ಸೆರಗಿನ ಕೆಲವು ಸೀರೆಗಳನ್ನು ನೇಯ್ದರು: ಕೆಂಪಿನ ಮೇಲೆ ಬಿಳಿಯ ಜೋಳದ ತೆನೆಗಳು. "ಇವು ಹೋಗಂಗಿಲ್ಲ," ಎಂದು ವ್ಯಾಪಾರಿ ಹಿಂದಿರುಗಿಸಿದರು. ಅಪ್ಪ ಅವನ್ನು ಕಪಾಟಿನಲ್ಲಿಟ್ಟು, "ಯುಗಾದಿತನಕ ನೋಡೂಣು. ಹೋಗಲಿಲ್ಲಂದ್ರ ಅವ್ರು ಹೇಳಿದ್ದ ನೇಯೂದು. ನಮ್ಮ ತಲಿ ಓಡ್ಸೂದು ಬ್ಯಾಡ," ಎಂದರು.

ಅವರ ತಲೆ ಓಡುತ್ತಲೇ ಇರಬೇಕೆಂಬುದು ನನ್ನ ಆಸೆ. ಆದಕಾರಣ ಜಾಲತಾಣವೊಂದನ್ನು ರಚಿಸಿ, ಸೀರೆಗಳ ಚಿತ್ರಗಳನ್ನು ಹಾಕಿ, ಪ್ರತಿಯೊಂದರ ಕೆಳಗೂ 'ನಯನಮನೋಹರವಾದ ಸೆರಗುಳ್ಳ' ಎಂದು ಆರಂಭವಾಗುವ ವರ್ಣನೆ ಬರೆದೆ. ಸಂಕ್ರಾಂತಿ ಕಳೆಯಿತು, ಯಾರೂ ವಿಚಾರಿಸಲಿಲ್ಲ.

ಒಂದು ಮಧ್ಯಾಹ್ನ ಅವ್ವ ನನ್ನ ಮೊಬೈಲಿನಲ್ಲಿ ಇಣುಕಿದಳು. "ಇದರಾಗ ಬಂದವ್ರು ಎಲ್ಲಿ ಮಾತಾಡ್ತಾರ?"

"ಮಾತಾಡಂಗಿಲ್ಲಬೇ. ಓದ್ತಾರ, ನೋಡ್ತಾರ."

"ಹೆಣ್ಮಕ್ಕಳು ಬಾಯಿ ಮುಚಗೊಂಡು ಸೀರಿ ತಗೊಂಡಿದ್ದು ಎಲ್ಯರ ನೋಡಿಯೇನ?"

ನೋಡಿರಲಿಲ್ಲ. ಅಂದೇ ಯಾರು ಬೇಕಾದರೂ ಪ್ರತಿಕ್ರಿಯೆ ಬರೆಯುವಂತೆ, ಚಿತ್ರ ಸೇರಿಸುವಂತೆ ವ್ಯವಸ್ಥೆ ಮಾಡಿ, ಪರಿಚಿತರಿಗೆಲ್ಲ ತಿಳಿಸಿದೆ. ಮೊದಲು ಬರೆದವರು ನರಗುಂದದ ಒಬ್ಬ ಶಿಕ್ಷಕಿ. ಏನು ತಪ್ಪು ಹಿಡಿದಿದ್ದಾರೋ ಎಂದು ಅಂಜುತ್ತಲೇ ಓದಿದೆ: "ಸೆರಗಿನ ವರ್ಣನಿ ಭಾಳ ಚಲೋ ಬರದೀರಿ. ಆದ್ರ ಸೆರಗು ಎಲ್ಲೈತ್ರಿ?"

ಗಾಬರಿಯಿಂದ ಚಿತ್ರಗಳನ್ನು ನೋಡಿದೆ. ಸೆರಗಿಗೆ ಧೂಳು ತಾಗದಿರಲೆಂದು ಅದನ್ನು ಒಳಗೆ ಮಾಡಿ ಸೀರೆ ಮಡಚುವುದು ನಮ್ಮ ಮನೆಯ ರೂಢಿ. ಒಳಗೇನಿದೆ ಎಂಬುದು ವ್ಯಾಪಾರಿಗೆ ಗೊತ್ತಿರುತ್ತದೆ. ನಾನು ಮಡಚಿದ್ದನ್ನು ಮಡಚಿದಂತೆಯೇ ಚಿತ್ರ ತೆಗೆದಿದ್ದೆ. ತಾಣದ ತುಂಬ ಬರೀ ಕೆಂಪು ಚೌಕಗಳು! ಅಷ್ಟರಲ್ಲಿ ರೋಣದ ಒಬ್ಬಾಕೆ ಶಿಕ್ಷಕಿಯವರ ಪ್ರಶ್ನೆಯ ಕೆಳಗೇ ಬರೆದರು: "ನಾ ಇವನ್ನ ತಲಿದಿಂಬು ಅನ್ಕೊಂಡಿದ್ನಿರಿ!"

ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಪ್ಪ ನಗಲಿಲ್ಲ. ಎದ್ದುಹೋಗಿ ಒಂದು ಸೀರೆ ಬಿಚ್ಚಿ, ಅಂಗಳದ ಹಗ್ಗಕ್ಕೆ ಹರವಿ, "ಲಗೂನ ತಗಿಯವಾ ಫೋಟೋ," ಎಂದರು.

ತಾಣದಲ್ಲಿ ಹಾಕಿದ ಹೊಸ ಚಿತ್ರದಲ್ಲಿ ತೆನೆಗಳು ಕಂಡದ್ದೇ ತಡ, ಶಿಕ್ಷಕಿಯವರು ಒಂದು ಸೀರೆ ತರಿಸಿಕೊಂಡು, ಉಟ್ಟ ಚಿತ್ರವನ್ನೂ ಹಾಕಿದರು. "ಬಣ್ಣ ಬಿಡತೈತೇನ್ರಿ?" ಎಂದು ಯಾರೋ ಕೇಳಿದರು. ನಾನು ವ್ಯಾಕರಣಶುದ್ಧವಾದ ಉತ್ತರವನ್ನು ಹೊಂದಿಸಿಕೊಳ್ಳುವುದರೊಳಗೆ ಶಿಕ್ಷಕಿಯವರೇ, "ಇಲ್ರೀ, ನಾ ಉಪ್ಪುನೀರಾಗ ಅದ್ದಿ ನೋಡೀನಿ," ಎಂದು ಬರೆದಾಗಿತ್ತು. ನಾನು ಹೇಳಿದ್ದರೆ ಅದು ಮಾರುವವರ ಮಾತಾಗುತ್ತಿತ್ತು. ರೋಣದಾಕೆ ಇವೇ ತೆನೆಗಳು ನೀಲಿಯಲ್ಲಿ ಬೇಕೆಂದರು; ಕೆಳಗೆ "ನನಗೂ", "ನನಗೂ ಒಂದು" ಎಂದು ಉಳಿದವರು ಸಾಲುಹಚ್ಚಿದರು. ಅಪ್ಪ ಊಟಕ್ಕೆ ಕುಳಿತಾಗಲೆಲ್ಲ, "ಇವತ್ತ ಏನ್ ಅಂದಾರ ಮಂದಿ?" ಎಂದು ಕೇಳತೊಡಗಿದರು.

ಯುಗಾದಿಗೆ ಮುನ್ನವೇ ಆ ಸೀರೆಗಳೆಲ್ಲ ಹೋದವು. ಈಗ ಅಪ್ಪ ವ್ಯಾಪಾರಿಯ ಮಾದರಿಗಳನ್ನು ನೇಯುವುದಿಲ್ಲ; ತಾಣದಲ್ಲಿ ಕೇಳಿದವರಿಗಾಗಿ ತಮ್ಮ ಕಲ್ಪನೆಯ ಸೆರಗುಗಳನ್ನೇ ನೇಯುತ್ತಾರೆ. ಬರುವ ಪ್ರಶ್ನೆಗಳಿಗೆ ಅವ್ವ ಉತ್ತರ ಹೇಳುತ್ತಾಳೆ, ನಾನು ಅವಳು ಹೇಳಿದಂತೆಯೇ ಬರೆಯುತ್ತೇನೆ.