ನಕ್ಷತ್ರ ಕಾಣುವ ಚಪ್ಪರ

ಅಮೆರಿಕದಲ್ಲಿ ನಾವಿರುವ ಬಡಾವಣೆ ಫೋರ್ ಎಸ್ ರ್ಯಾಂಚಿನಲ್ಲಿ, ನಮ್ಮ ಪಕ್ಕದ ಮನೆಯ ಯಹೂದಿ ಆಂಟಿ ಸುಕ್ಕೋತ್ ಹಬ್ಬಕ್ಕೆ ಹಿತ್ತಿಲಲ್ಲಿ ಚಪ್ಪರ ಹಾಕಿಸುತ್ತಿದ್ದರು. ಉಡುಪಿಯವನಾದ ನನಗೆ ಚಪ್ಪರ ಕಂಡರೆ ಕೈ ಸುಮ್ಮನಿರುವುದಿಲ್ಲ. ಹನಿ ನೀರೂ ಇಳಿಯದಂತೆ ತಾಳೆಗರಿಯನ್ನು ಎರಡು ಪದರ ಹೊದೆಸಿ, ಹಗ್ಗ ಬಿಗಿದು, ಹೊಗಳಿಕೆಗೆ ಕಾದು ನಿಂತೆ. ಆಂಟಿ ತಲೆಯೆತ್ತಿ ನೋಡಿ, "ಇದರಲ್ಲಿ ನಕ್ಷತ್ರ ಹೇಗೆ ಕಾಣುತ್ತೆ?" ಎಂದರು. ತಮ್ಮ ಹಿರಿಯರು ಮರುಭೂಮಿಯಲ್ಲಿ ನಲವತ್ತು ವರ್ಷ ಅಲೆದದ್ದನ್ನು ನೆನೆಯಲು, ಏಳು ದಿನ ಭದ್ರವಲ್ಲದ ಸೂರಿನಡಿ ಕೂತು ಉಣ್ಣಬೇಕಂತೆ. ಅರ್ಧ ಗರಿ ಕಿತ್ತೆ.

ಮನೆಗೆ ಬಂದು, ಯಾವ ಸೂರೂ ಶಾಶ್ವತವಲ್ಲ ಎಂದು ಹೆಂಡತಿಗೆ ಉಪದೇಶ ಕೊಟ್ಟೆ. ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದಳು: "ಓಹೋ, ಅದಕ್ಕೇನಾ ಎರಡು ವರ್ಷದಿಂದ ಗರಾಜ್ ಸೋರ್ತಿದ್ರೂ ರಿಪೇರಿ ಮಾಡಿಸ್ದೇ ಇರೋದು? ನಾನು ಸೋಮಾರಿತನ ಅಂದ್ಕೊಂಡಿದ್ದೆ. ಹಬ್ಬ ಅಂತ ಗೊತ್ತಿರ್ಲಿಲ್ಲ."