ಮೂವತ್ತೊಂದನೆಯ ಜೋಡಿ

ಗೊಂಬೆಗೆ ಕಣ್ಣು ಬರೆಯುವಾಗ ಯಾರೂ ತುಟಿ ಪಿಟಕ್ಕೆನ್ನಬಾರದು ಎಂಬುದು ನಮ್ಮ ಮನೆಯ ಹಿತ್ತಿಲ ಜಗಲಿಯ ಕಾನೂನು. ಅದನ್ನು ಮಾಡಿದವಳು ನನ್ನ ಸೋದರತ್ತೆ ನಂಜಮ್ಮ, ನಮಗೆಲ್ಲ ನಂಜತ್ತೆ. ಭಾದ್ರಪದದ ಗಣಪತಿ ನೀರಿಗೆ ಹೋದ ಮರುದಿನದಿಂದಲೇ ಬಸವನಗುಡಿಯ ನಮ್ಮ ಬೀದಿಯವರೂ ಹಿಂದುಮುಂದಿನ ಬೀದಿಯವರೂ ನವರಾತ್ರಿಗೆ ಕೂರಿಸುವ ಮರದ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅವಳ ಬಳಿಗೆ ಕಳಿಸಿಬಿಡುತ್ತಿದ್ದರು. ವರ್ಷವೆಲ್ಲ ಪೆಟ್ಟಿಗೆಯಲ್ಲಿ ಮಲಗಿ ಬಣ್ಣಗೆಟ್ಟ ಆ ಮುಖಗಳನ್ನು ಒರೆಸಿ, ಹೊಸ ಬಣ್ಣ ಬಳಿದು, ಕೊನೆಯಲ್ಲಿ ಹರಳೆಣ್ಣೆ ದೀಪದ ಕಾಡಿಗೆಯನ್ನು ಅಂಟಿನಲ್ಲಿ ಅರೆದು, ಅಳಿಲಿನ ಕೂದಲಿನ ಕುಂಚದಿಂದ ಅತ್ತೆ ಎರಡು ಗೆರೆ ಎಳೆದಳೆಂದರೆ, ಅಲ್ಲಿಯವರೆಗೆ ಸೌದೆಯಾಗಿದ್ದದ್ದು ನಮ್ಮನ್ನೇ ದಿಟ್ಟಿಸಿ ನೋಡುತ್ತಿತ್ತು.

ಇಷ್ಟಾಗಿ ನಂಜತ್ತೆ ತಾನು ಕಣ್ಣು ಕೊಟ್ಟ ಒಂದೇ ಒಂದು ಗೊಂಬೆಯನ್ನೂ ಆರತಿಯ ಬೆಳಕಿನಲ್ಲಿ ಕಂಡವಳಲ್ಲ. ಅವಳು ವಿಧವೆ. ಪೇಟೆಯಲ್ಲಿ ಪ್ಲೇಗು ಎದ್ದ ವರ್ಷ ಅವಳ ಗಂಡ ಮೂರು ದಿನದ ಜ್ವರದಲ್ಲಿ ಹೋದರು. ಅವಳಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅದೇ ಪ್ಲೇಗಿಗೆ ಹೆದರಿ ಸರ್ಕಾರದವರು ಊರಾಚೆ ಅಗಲ ಬೀದಿ ಹಾಕಿ ಈ ಬಡಾವಣೆ ಕಟ್ಟಿದರು. ಗಾಳಿಬೆಳಕು ಬೇಕೆಂದು ಬಂದ ನಾವು ಮನೆಗಳಿಗೆ ಎರಡೆರಡು ಕಿಟಕಿ ಹೆಚ್ಚಾಗಿಯೇ ಇಡಿಸಿಕೊಂಡೆವು, ಆದರೆ ಪೇಟೆಯ ಕತ್ತಲುಕೋಣೆಯನ್ನು ಗಂಟುಮೂಟೆಯ ಜೊತೆ ಹೊತ್ತು ತರುವುದನ್ನು ಮರೆಯಲಿಲ್ಲ. ತಲೆ ಬೋಳಿಸಿಕೊಂಡು ಕೆಂಪು ಮಡಿಸೀರೆ ಉಟ್ಟ ಅತ್ತೆ, ಆರತಿಯ ಹೊತ್ತಿಗೆ ತಾನೇ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳಬೇಕಾದ ಅಗತ್ಯವನ್ನೇ ಉಳಿಸಿರಲಿಲ್ಲವಲ್ಲ, ಅದೇ ನನ್ನ ಸಿಟ್ಟು.

ನಾನು ಆಗಷ್ಟೇ ಬಡಾವಣೆಯ ಮಹಿಳಾ ಸಮಾಜದ ಕಾರ್ಯದರ್ಶಿಯಾಗಿದ್ದೆ. ಕಾರ್ಯದರ್ಶಿ ಎಂದರೆ ಜಮಖಾನ ಹಾಸುವವಳು, ಸಭೆ ಮುಗಿದ ಮೇಲೆ ಅದನ್ನು ಸುತ್ತಿಡುವವಳು. ನಡುವೆ ಹೌದೌದು ಎನ್ನುವವಳು. ಆ ವರ್ಷ ನಮ್ಮ ಅಧ್ಯಕ್ಷಿಣಿ ಸುಬ್ಬಲಕ್ಷ್ಮಮ್ಮನವರಿಗೆ ಒಂದು ಒಳ್ಳೆಯ ಯೋಚನೆ ಬಂತು. ಒಳ್ಳೆಯದನ್ನು ಒಳ್ಳೆಯದೆನ್ನಲು ನನಗೇನೂ ಸಂಕಟವಿಲ್ಲ. ಮೂವತ್ತು ಮನೆಗಳ ಪಟ್ಟದ ಗೊಂಬೆಗಳನ್ನು ಹೆಣ್ಣುಮಕ್ಕಳ ಶಾಲೆಯ ಹಜಾರದಲ್ಲಿ ಒಟ್ಟಿಗೆ ಕೂರಿಸುವುದು, ಪಾಡ್ಯದ ಸಂಜೆ ಆರತಿ ಮಾಡಿ ಹಾಡು ಹೇಳುವುದು, ನೋಡಲು ಬಂದವರು ತಲೆಗೊಂದು ಪಾವು ಅಕ್ಕಿ ತಂದು ಬಾಗಿಲಲ್ಲಿ ಸುರಿಯುವುದು. ಆ ಅಕ್ಕಿಯೆಲ್ಲ ಚಾಮರಾಜಪೇಟೆಯ ಅನಾಥಾಶ್ರಮಕ್ಕೆ. ಆಶ್ರಮದಲ್ಲಿದ್ದವರು ಆಮೇಲೂ ಮತ್ತೆ ಮತ್ತೆ ಬಂದ ಪ್ಲೇಗಿನಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳು. ಊರು ಮೂಗಿನ ಮೇಲೆ ಬೆರಳಿಟ್ಟು ಮೆಚ್ಚಿತು.

ಗೊಂಬೆಗಳಿಗೆಲ್ಲ ಬಣ್ಣ ಹಚ್ಚಲು ನಂಜತ್ತೆಯೇ ಬೇಕಾಯಿತು. ಒಂದು ತಿಂಗಳು ಅವಳು ಬೆನ್ನು ನೆಟ್ಟಗೆ ಮಾಡಲಿಲ್ಲ. ಆಮೇಲೆ ಒಂದು ದಿನ ಸುಬ್ಬಲಕ್ಷ್ಮಮ್ಮನವರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮತ್ತೆಗೆ ನೀನೇ ಸೂಕ್ಷ್ಮವಾಗಿ ಹೇಳ್ಬಿಡಮ್ಮ ಸೀತೂ. ಆರತಿ ಹೊತ್ತಲ್ಲಿ ಬರೋದು ಬೇಡ. ಬೇಕಾದ್ರೆ ಮಾರನೇ ದಿನ ಬೆಳಿಗ್ಗೆ, ಯಾರೂ ಇಲ್ದಾಗ ಬಂದು ನೋಡ್ಕೊಂಡು ಹೋಗ್ಲಿ," ಎಂದರು. ನಾನು ಹೌದೌದು ಎಂದೆ. ಇಷ್ಟು ವರ್ಷವಾದರೂ ಆ ಹೌದೌದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ನೋಡಿ, ದಾನಕ್ಕೂ ಒಂದು ದೂರದೃಷ್ಟಿದೋಷವಿದೆ. ಒಂದು ಗಾವುದದಾಚೆಯ ಕಣ್ಣೀರು ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ, ಪಕ್ಕದಲ್ಲಿ ಕುಳಿತವರದು ಕಾಣುವುದಿಲ್ಲ. ಒಂದೇ ಪ್ಲೇಗು ಒಂದು ಮಗುವಿನ ತಾಯಿಯನ್ನೂ ಒಬ್ಬ ಹುಡುಗಿಯ ಗಂಡನನ್ನೂ ಒಯ್ದರೆ, ಮಗು ಅನಾಥವಾಗಿ ನಮ್ಮ ಅಕ್ಕಿಗೆ ಪಾತ್ರವಾಗುತ್ತದೆ. ಹುಡುಗಿ ಅನಿಷ್ಟವಾಗಿ ನಮ್ಮ ಬಾಗಿಲಿಗೆ ಅಪಾತ್ರಳಾಗುತ್ತಾಳೆ. ಅಕ್ಕಿ ಕೊಟ್ಟರೆ ಅಕ್ಕಿ ಮಾತ್ರ ಹೋಗುತ್ತದೆ. ಜಾಗ ಕೊಡಬೇಕಾದರೆ ನಾವು ಸ್ವಲ್ಪ ಸರಿದು ಕೂರಬೇಕು, ಮತ್ತು ಜರಿಸೀರೆ ಉಟ್ಟು ಕುಳಿತವರಿಗೆ ಸರಿಯುವುದು ಬಹಳ ಕಷ್ಟದ ಕೆಲಸ. ಹೀಗೆಲ್ಲ ಆಗ ನನಗೆ ಹೊಳೆದಿತ್ತೆಂದು ತಿಳಿಯಬೇಡಿ. ಆಗ ನನಗೆ ಹೊಳೆದದ್ದು ಗೊಂಬೆಗಳನ್ನು ಮುಕ್ಕಾಗದಂತೆ ಶಾಲೆಗೆ ಸಾಗಿಸುವ ಉಪಾಯವೊಂದೇ.

ಆ ಉಪಾಯದ ಕಥೆ ಕೇಳಿ. ಪಟ್ಟದ ಗೊಂಬೆಯೆಂದರೆ ರಾಜ ರಾಣಿಯರ ಜೋಡಿ. ಮದುವೆಯಲ್ಲಿ ತವರಿನವರು ಮಗಳ ಮಡಿಲಿಗೆ ಇಟ್ಟು ಕಳಿಸುವಂಥದ್ದು. ರಾಜರು ಎತ್ತರ, ರಾಣಿಯರು ಗಿಡ್ಡ. ಒಂದೇ ಬುಟ್ಟಿಯಲ್ಲಿ ಹಾಕಿದರೆ ಗಾಡಿ ಕುಲುಕಿದಾಗ ರಾಜರ ಕಿರೀಟ ರಾಣಿಯರ ಮೂಗಿಗೆ ಬಡಿಯುತ್ತದೆಂದು ನಾನು ಬುದ್ಧಿ ಖರ್ಚುಮಾಡಿ, ರಾಜರನ್ನೆಲ್ಲ ಒಂದು ಬುಟ್ಟಿಗೂ ರಾಣಿಯರನ್ನೆಲ್ಲ ಇನ್ನೊಂದು ಬುಟ್ಟಿಗೂ ತುಂಬಿ ಹುಲ್ಲು ಹಾಸಿದೆ. ಸಭೆಗಳಲ್ಲಿ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ ಕೂರಿಸಿ ರೂಢಿಯಾದ ಕೈ ಅದು. ಅತ್ತೆ ಒಂದೊಂದೇ ಎತ್ತಿ ಕೊಟ್ಟಳು. ನಾನು ಎಣಿಸದೆ ತುಂಬಿದೆ.

ಪಾಡ್ಯದ ಸಂಜೆ ಹಜಾರದಲ್ಲಿ ಬುಟ್ಟಿ ಬಿಚ್ಚಿದಾಗ ನನ್ನ ಬುದ್ಧಿಯ ಆಳ ಎಲ್ಲರಿಗೂ ತಿಳಿಯಿತು. ಹೊಸ ಬಣ್ಣ ಬಿದ್ದ ಮೇಲೆ ರಾಜರೆಲ್ಲ ಒಂದೇ ಥರ. ಮೀಸೆ ಒಂದೇ, ಕಿರೀಟ ಒಂದೇ, ನಿಲುವಿನ ಗತ್ತೂ ಒಂದೇ. ಬಟ್ಟೆ ಬೇರೆ ಇನ್ನೂ ಉಡಿಸಿರಲಿಲ್ಲ. ವರ್ಷವರ್ಷವೂ ಕೈಯಾರೆ ಕೂರಿಸಿದ ಮೂವತ್ತು ಮಂದಿ ಗೃಹಿಣಿಯರಲ್ಲಿ ಒಬ್ಬರಿಗಾದರೂ ತಮ್ಮ ರಾಜ ಯಾರೆಂದು ಗೊತ್ತಾಗಲಿಲ್ಲ. ಯಾರೋ ಪಾಪ, ಹೇಗೋ ಒಂದು ಜೋಡಿಸಿ ಕೂರಿಸೋಣವೆಂದರು. ಸುಬ್ಬಲಕ್ಷ್ಮಮ್ಮನವರು ಬೆಚ್ಚಿಬಿದ್ದರು.

"ಏನ್ರೀ ಮಾತು ಅದು! ನಿಮ್ಮ ರಾಣಿ ಪಕ್ಕ ಅವರ ರಾಜನ್ನ ಕೂರಿಸ್ತೀರಾ? ಮುತ್ತೈದೆತನಕ್ಕೇ ಕೇಡು ಕಣ್ರೀ!"

ಬಾಗಿಲಲ್ಲಿ ಆಗಲೇ ಜನ ಅಕ್ಕಿ ಹಿಡಿದು ನಿಂತಿದ್ದರು. ಮುಹೂರ್ತಕ್ಕೆ ಒಂದು ಗಂಟೆಯೂ ಇರಲಿಲ್ಲ. ಕೊನೆಗೆ ಸುಬ್ಬಲಕ್ಷ್ಮಮ್ಮನವರೇ ನನ್ನ ಕಿವಿಯಲ್ಲಿ, "ನಿಮ್ಮತ್ತೇನ ಕರ್ಕೊಂಬಾ, ಹಿತ್ತಿಲ ಬಾಗಿಲಿಂದ," ಎಂದರು. ಆಗ ಮಾತ್ರ ನಾನು ಹೌದೌದು ಎನ್ನಲಿಲ್ಲ, ಸುಮ್ಮನೆ ಓಡಿದೆ.

ಮನೆಯಲ್ಲಿ ಅತ್ತೆ ಮೊರದಲ್ಲಿ ಬೇಳೆ ಆರಿಸುತ್ತಾ ಕೂತಿದ್ದಳು. ನಾನು ಏದುಸಿರು ಬಿಡುತ್ತಾ ಎಲ್ಲ ಹೇಳಿದೆ, ಹಿತ್ತಿಲ ಬಾಗಿಲ ಮಾತನ್ನೂ ಮುಚ್ಚಿಡದೆ ಹೇಳಿದೆ. ಅವಳು ಬೇಳೆಯಿಂದ ಕಣ್ಣೆತ್ತದೆ ಕೇಳಿಸಿಕೊಂಡಳು.

"ಶಾಲೆಗೆ ಮುಂದ್ಗಡೆ ಬಾಗಿಲಿಲ್ವೇನೇ?"

"ಇದೆ ಅತ್ತೆ."

"ಹಾಗಾದ್ರೆ ಬರ್ತೀನಿ. ಇಲ್ದಿದ್ರೆ ಅವರ ರಾಜರನ್ನ ಅವರೇ ಹುಡುಕ್ಕೊಳ್ಳಲಿ."

ಹಾಗೆ ಅವಳು ಇನ್ನೂ ಆರದ ಸಂಜೆ ಬೆಳಕಿನಲ್ಲಿ, ಬೀದಿಯ ನಟ್ಟನಡುವೆ, ಸೆರಗನ್ನು ತಲೆಯ ಮೇಲೆ ಬಿಗಿದುಕೊಂಡು ನಡೆದಳು. ಪಾವಕ್ಕಿ ಹಿಡಿದು ನಿಂತಿದ್ದವರು ಇಬ್ಭಾಗವಾಗಿ ದಾರಿ ಬಿಟ್ಟರು. ಕೆಲವರು ಗೌರವಕ್ಕೆ, ಹೆಚ್ಚಿನವರು ಮೈಗೆ ತಾಗೀತೆಂಬ ಭಯಕ್ಕೆ. ಅತ್ತೆ ಎರಡಕ್ಕೂ ಒಂದೇ ಮುಖ ತೋರಿಸಿ ಒಳಗೆ ಬಂದು, ಬುಟ್ಟಿಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

ಆಮೇಲೆ ನಡೆದದ್ದನ್ನು ನೋಡಿ ನಗದೆ ಇದ್ದವರು ಕಡಿಮೆ. "ಈ ರಾಣಿ ಗಲ್ಲ ಸವೆದಿದೆ ನೋಡಿ, ರಂಗಮ್ಮನೋರ ಮಗಳು ಹಲ್ಲು ಬರೋವಾಗ ಕಚ್ಚಿದ್ದು. ಇವಳ ಯಜಮಾನ ಇವನು, ಭುಜದಲ್ಲಿ ಸೀಳಿದೆ." "ಬಿಡಮ್ಮ ಅವನನ್ನ, ಅವನು ನಿನ್ನೋನಲ್ಲ, ಎದುರು ಮನೆಯೋನು." ಒಂದೊಂದು ಜೋಡಿಗೂ ಅವಳು ಬೇರೆ ಬಟ್ಟಲಲ್ಲಿ ಬಣ್ಣ ಕಲಸಿದ್ದಳಂತೆ, ನಮಗೆ ಕೆಂಪೆಲ್ಲ ಒಂದೇ ಕೆಂಪು, ಅವಳಿಗೆ ಮೂವತ್ತು ಕೆಂಪು. ಗೃಹಿಣಿಯರು ಸಾಲಾಗಿ ಬಂದು, ತಂತಮ್ಮ ಸೌಭಾಗ್ಯವನ್ನು ಒಬ್ಬ ವಿಧವೆಯ ಕೈಯಿಂದ ಇಸಿದುಕೊಂಡು ಹೋದರು. ಅದರ ಅರ್ಥ ಅವರಿಗೆ ಆದಂತೆ ಕಾಣಲಿಲ್ಲ. ನನಗೆ ಆಯಿತು.

ಮೂವತ್ತು ಜೋಡಿಯೂ ಮೆಟ್ಟಿಲೇರಿ ಕೂತವು. ಬುಟ್ಟಿಗಳ ತಳದಲ್ಲಿ ಇನ್ನೊಬ್ಬ ರಾಜ, ಇನ್ನೊಬ್ಬ ರಾಣಿ ಉಳಿದಿದ್ದರು.

"ಇದು ಯಾರದ್ರೀ?" ಎಂದು ಸುಬ್ಬಲಕ್ಷ್ಮಮ್ಮನವರು ಸುತ್ತ ನೋಡಿದರು.

"ನಂದು," ಎಂದಳು ನಂಜತ್ತೆ.

ಗಂಡ ಹೋದವಳು ಪಟ್ಟದ ಗೊಂಬೆಯನ್ನು ಪೆಟ್ಟಿಗೆಗೆ ಹಾಕಿದರೆ ಮತ್ತೆ ತೆಗೆಯುವಂತಿಲ್ಲ. ಹದಿನೈದು ವರ್ಷ ಕತ್ತಲಲ್ಲಿದ್ದ ಜೋಡಿಗೆ ಅವಳು ಯಾರಿಗೂ ಹೇಳದೆ ಬಣ್ಣ ಹಚ್ಚಿ, ಕಣ್ಣು ಬರೆದು, ನನ್ನ ಪೆದ್ದುತನದ ಬುಟ್ಟಿಗೆ ತಾನೇ ಎತ್ತಿ ಕೊಟ್ಟಿದ್ದಳು.

ಸುಬ್ಬಲಕ್ಷ್ಮಮ್ಮನವರ ದನಿ ಮೆತ್ತಗಾಯಿತು. ಕೆಟ್ಟ ಹೆಂಗಸಲ್ಲ ಅವರು. "ಅದನ್ನ ಕೂರಿಸೋ ಹಾಗಿಲ್ಲ ನಂಜಮ್ಮ. ನಿಮಗೇ ಗೊತ್ತಲ್ಲ."

"ಯಾಕೆ ಕೂರಿಸಬಾರದು?" ಎಂದಳು ಅತ್ತೆ. "ಪ್ಲೇಗು ಬಂದಿದ್ದು ಅವರಿಗೆ. ಈ ರಾಜನಿಗಲ್ಲ. ನಂಗೂ ಅಲ್ಲ."

ಎದ್ದು, ಮೇಲಿನ ಮೆಟ್ಟಿಲಲ್ಲಿ ಎರಡು ಜೋಡಿಗಳನ್ನು ಅಷ್ಟಷ್ಟು ಸರಿಸಿ, ನಡುವೆ ತನ್ನ ಜೋಡಿಯನ್ನು ಇಟ್ಟಳು. ಆಮೇಲೆ ಅಡಿಗೆಮನೆ ಯಾವ ಕಡೆಯೆಂದು ಹುಡುಕದೆ, ಜಮಖಾನದ ಮೊದಲ ಸಾಲಿನಲ್ಲಿ ಕೂತುಬಿಟ್ಟಳು. ಸುಬ್ಬಲಕ್ಷ್ಮಮ್ಮನವರು ಆರತಿಯ ತಟ್ಟೆ ಹಿಡಿದು ಬತ್ತಿ ಹಚ್ಚದೆ ನಿಂತರು. ನಾಲ್ವರು ಎದ್ದು ತಮ್ಮ ಗೊಂಬೆಗಳನ್ನೂ ಎತ್ತಿಕೊಂಡು ಹೊರಟರು. ಮುಹೂರ್ತ ಮೀರುತ್ತಿತ್ತು. ನಾನು ಹೋಗಿ ತಟ್ಟೆಯನ್ನು ಸುಬ್ಬಲಕ್ಷ್ಮಮ್ಮನವರ ಕೈಯಿಂದ ತೆಗೆದುಕೊಂಡೆ; ಅವರು ಬಿಡಬಾರದಿತ್ತು, ಬಿಟ್ಟರು. ಬತ್ತಿ ಹಚ್ಚಿ, ಗೊಂಬೆಗಳಿಗೆ ಬೆಳಗಿ, ಆ ದೀಪವನ್ನು ಮೊಟ್ಟಮೊದಲು ಅತ್ತೆಯ ಮುಂದೆ ಹಿಡಿದೆ. ಅವಳು ಎರಡೂ ಕೈ ಚಾಚಿ ಕಣ್ಣಿಗೊತ್ತಿಕೊಂಡಳು. ಮತ್ತೆ ತಲೆಯೆತ್ತಿ, ತಾನು ಬರೆದ ಅಷ್ಟೂ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ, ಅಳುತ್ತಿದ್ದವಳು ನಾನು.

ಅಕ್ಕಿ ಆ ದಿನ ಕಡಿಮೆಯೇನೂ ಬೀಳಲಿಲ್ಲ. ಆಶ್ರಮದಲ್ಲಿ ಬೆಂದ ಅನ್ನದಲ್ಲಿ ಅನಿಷ್ಟದ ವಾಸನೆ ಬಂತೆಂದು ಯಾವ ಮಗುವೂ ದೂರಲಿಲ್ಲ. ಕಾರ್ಯದರ್ಶಿಯ ಪದವಿ ನನ್ನ ಕೈತಪ್ಪಿತು. ಜಮಖಾನ ಸುತ್ತುವ ಕೆಲಸ ಬೇರೆಯವರಿಗೆ ಹೋಯಿತೆಂದು ನಾನು ಸಂತೋಷಪಟ್ಟೆ.

ಈಗಲೂ ಹಿರಿಯರು ಕೆಲವರು ನನ್ನನ್ನು ತಡೆದು ಕೇಳುವುದುಂಟು: ಅಂಥದ್ದು ಮಾಡಿದಿರಲ್ಲ, ಆಮೇಲೆ ಏನೂ ಆಗಲಿಲ್ಲವೇ ಎಂದು. ಆಯಿತಲ್ಲ, ಎನ್ನುತ್ತೇನೆ. ಮುಂದಿನ ಪಾಡ್ಯಕ್ಕೆ ಇನ್ನೂ ಮೂವರು ವಿಧವೆಯರು ತಮ್ಮ ಜೋಡಿಗಳನ್ನು ಪೆಟ್ಟಿಗೆಯಿಂದ ತೆಗೆದು, ಸೆರಗಿನಲ್ಲಿ ಮುಚ್ಚದೆ, ಮುಂದಿನ ಬಾಗಿಲಿಂದ ಬಂದರು.